ಅಪ್ಪ ಅಮ್ಮ ಇಬ್ಬರೇ ಇರುವ ಮನೆ, ಬಾಗಿಲಿಗೆ ಬರುವ ಅಪರಿಚಿತರು: ಮಲೆನಾಡಿನವರು ಏನು ಮಾಡುತ್ತಿದ್ದೀರಿ?

ಹೊಸನಗರದ ಮಗಳು
ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕಿನಲ್ಲಿ ತೋಟದ ಪಕ್ಕದ ಒಂಟಿ ಮನೆ. ಅಪ್ಪನಿಗೆ ಎಪ್ಪತ್ತು ದಾಟಿದೆ, ಅಮ್ಮನಿಗೆ ಮಂಡಿ ನೋವು. ನಾನು, ತಮ್ಮ ಇಬ್ಬರೂ ಬೆಂಗಳೂರಿನಲ್ಲಿದ್ದೇವೆ. ಪಕ್ಕದ ಮನೆಗೆ ಗದ್ದೆ ದಾಟಿ ಹೋಗಬೇಕು, ಮಳೆಗಾಲದಲ್ಲಿ ಎಷ್ಟು ಕೂಗಿದರೂ ಅಲ್ಲಿಗೆ ಕೇಳಿಸುವುದಿಲ್ಲ.

ಹೋದ ವಾರ ಇಬ್ಬರು ಬೈಕಿನಲ್ಲಿ ಬಂದು, ಗ್ಯಾಸ್ ಕಂಪನಿಯಿಂದ ಬಂದಿದ್ದೇವೆ, ಒಲೆ ಚೆಕ್ ಮಾಡಬೇಕು ಅಂದರಂತೆ. ಅಮ್ಮ ಒಳಗೆ ಕರೆದು ನೀರು, ಬೆಲ್ಲ ಕೊಟ್ಟು ಅಡುಗೆಮನೆ ತೋರಿಸಿದ್ದಾರೆ. ಪೈಪು ಹಾಳಾಗಿದೆ ಅಂತ ಹೇಳಿ ಬೇರೆ ಹಾಕಿ, ರಸೀದಿ ಕೊಡದೆ ದುಡ್ಡು ತೆಗೆದುಕೊಂಡು ಹೋಗಿದ್ದಾರೆ. ಏಜೆನ್ಸಿಗೆ ಕೇಳಿದರೆ ನಾವು ಯಾರನ್ನೂ ಕಳಿಸಿಲ್ಲ ಅಂದರು. ಹೋದ ದುಡ್ಡು ದೊಡ್ಡದಲ್ಲ. ಆದರೆ ಅವರು ಹಿತ್ತಿಲ ಬಾಗಿಲು ಎಲ್ಲಿದೆ, ಚಿಲಕ ಹೇಗಿದೆ, ಮನೆಯಲ್ಲಿ ಎಷ್ಟು ಜನ ಇದ್ದಾರೆ, ಎಲ್ಲವನ್ನೂ ನೋಡಿಕೊಂಡು ಹೋದರಲ್ಲ, ಅದನ್ನು ನೆನೆಸಿಕೊಂಡರೆ ನನಗೆ ನಿದ್ದೆ ಬರುತ್ತಿಲ್ಲ.

ಅಮ್ಮನ ಹತ್ತಿರ ಮಾತಾಡಿದರೆ "ಮನೆಗೆ ಬಂದವರನ್ನ ಹೊರಗೆ ನಿಲ್ಲಿಸಿ ಮಾತಾಡೋ ಪದ್ಧತಿ ನಮ್ಮಲ್ಲಿಲ್ಲ" ಅಂತಾರೆ. ಅವರ ಮನಸ್ಸಿಗೆ ನೋವಾಗದ ಹಾಗೆ ಏನು ಮಾಡಬಹುದು? ಬೀಗ, ಕ್ಯಾಮೆರಾ, ನಾಯಿ, ಏನಿದ್ದರೂ ಹೇಳಿ. ನಿಮ್ಮ ಕಡೆ ಏನೇನು ನಡೆಯುತ್ತಿದೆ ಅನ್ನುವುದನ್ನೂ ಬರೆಯಿರಿ.

ತುಂಗೆಯ ದಡ
ಮೊದಲು ಗ್ಯಾಸ್ ವಿಷಯ. ಐದು ವರ್ಷಕ್ಕೊಮ್ಮೆ ಏಜೆನ್ಸಿಯವರು ಬಂದು ತಪಾಸಣೆ ಮಾಡುವುದು ನಿಜವಾಗಿ ಇದೆ, ರಬ್ಬರ್ ಪೈಪನ್ನೂ ಐದು ವರ್ಷಕ್ಕೆ ಬದಲಾಯಿಸಬೇಕು. ಅರ್ಧ ಸತ್ಯ ಇರುವುದರಿಂದಲೇ ಜನ ನಂಬುತ್ತಾರೆ. ಬಂದವರು ತೋರಿಸುವ ಕಾರ್ಡು ನೋಡಿ ಒಳಗೆ ಬಿಡಬೇಡಿ, ಕಾರ್ಡು ಯಾವ ಜೆರಾಕ್ಸ್ ಅಂಗಡಿಯಲ್ಲಿ ಬೇಕಾದರೂ ಆಗುತ್ತದೆ. ಅವರು ಕೊಡುವ ನಂಬರಿಗೂ ಫೋನ್ ಮಾಡಬೇಡಿ. ನಿಮ್ಮ ಗ್ಯಾಸ್ ಪುಸ್ತಕದಲ್ಲಿರುವ ಏಜೆನ್ಸಿ ನಂಬರಿಗೆ ನೀವೇ ಮಾಡಿ ಕೇಳಿ. ಆ ಫೋನ್ ಮುಗಿಯುವವರೆಗೆ ಅವರು ಹೊರಗೆ ನಿಂತಿರಲಿ. ನಿಜವಾದವರು ನಿಲ್ಲುತ್ತಾರೆ, ಉಳಿದವರು ಬೈಕ್ ಸ್ಟಾರ್ಟ್ ಮಾಡುತ್ತಾರೆ.

ಈಗ ಹಾಕಿ ಹೋಗಿರುವ ಪೈಪನ್ನು ದಯವಿಟ್ಟು ತೆಗೆಸಿ ಏಜೆನ್ಸಿಯಿಂದಲೇ ಬೇರೆ ಹಾಕಿಸಿ. ಅದರ ಗುಣಮಟ್ಟ ಯಾರಿಗೆ ಗೊತ್ತು? ಗ್ಯಾಸ್ ವಾಸನೆ ಬಂದರೆ 1906ಕ್ಕೆ ಮಾಡಬೇಕು ಅಂತ ಅಮ್ಮನಿಗೆ ಹೇಳಿ.

ಕೊಪ್ಪದ ಕಾಫಿ
ದುಡ್ಡು ಸಣ್ಣದು ಅಂತ ಬಿಡಬೇಡಿ. ಠಾಣೆಗೆ ಒಂದು ಅರ್ಜಿ ಕೊಡಿ. ಅದೇ ಇಬ್ಬರು ಇನ್ನು ನಾಲ್ಕು ಊರಿಗೆ ಹೋಗಿರುತ್ತಾರೆ.

ಗೋಪಾಳದ ಅತ್ತಿಗೆ
ಶಿವಮೊಗ್ಗದಲ್ಲಿ ನಮ್ಮ ರಸ್ತೆಯಲ್ಲಿ ನಡೆದದ್ದು ಹೇಳುತ್ತೇನೆ, ಎಲ್ಲರೂ ನಿಮ್ಮ ಮನೆಯ ಹೆಂಗಸರಿಗೆ ಓದಿ ಹೇಳಿ. ಮಧ್ಯಾಹ್ನದ ಹೊತ್ತು, ಗಂಡಸರೆಲ್ಲ ಕೆಲಸಕ್ಕೆ ಹೋದ ಮೇಲೆ, ಇಬ್ಬರು ಹುಡುಗರು ಬಂದರು. ನೀಟಾಗಿ ಶರ್ಟು ಇನ್ ಮಾಡಿಕೊಂಡಿದ್ದರು. ಪಾತ್ರೆ ತೊಳೆಯುವ ಹೊಸ ಪುಡಿ, ಫ್ರೀ ಸ್ಯಾಂಪಲ್ ಅಂತ ಹಿತ್ತಾಳೆ ದೀಪ ಕೇಳಿ ತೆಗೆದುಕೊಂಡು ಫಳಫಳ ಮಾಡಿಕೊಟ್ಟರು. ಆಮೇಲೆ ಬೆಳ್ಳಿ ಕುಂಕುಮದ ಬಟ್ಟಲು. ಅದೂ ಹೊಳೆಯಿತು. ನಂಬಿಕೆ ಬಂದ ಮೇಲೆ ನಮ್ಮ ಪಕ್ಕದ ಮನೆ ಅಜ್ಜಿಯ ಬಳೆ, ಸರ ಬಿಚ್ಚಿಸಿ ಒಂದು ಡಬ್ಬಿಯ ದ್ರವದಲ್ಲಿ ಅದ್ದಿದರು, ಮೇಲೆ ಅರಿಶಿನದ ನೀರು ಹಾಕಿದರು. ಕುಕ್ಕರಿನಲ್ಲಿ ಸ್ವಲ್ಪ ಹೊತ್ತು ಬಿಸಿ ಮಾಡಿ, ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ತೆಗೆಯಬೇಡಿ, ತೆಗೆದರೆ ಬಣ್ಣ ಹೋಗುತ್ತದೆ ಅಂತ ಹೇಳಿ ಹೊರಟರು. ಅಜ್ಜಿ ಪಾಪ, ಮಾತಿಗೆ ಕಟ್ಟುಬಿದ್ದು ಕಾದರು. ಮುಚ್ಚಳ ತೆಗೆದಾಗ ಸರ ನೂಲಿನಷ್ಟು ತೆಳ್ಳಗಾಗಿತ್ತು.

ನನ್ನ ಮೈದುನ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾರೆ. ಅವರು ಹೇಳಿದ್ದು, ಚಿನ್ನ ಸಾಮಾನ್ಯ ಆಸಿಡ್‌ಗೆ ಕರಗುವುದಿಲ್ಲ, ಆದರೆ ಮೂರು ಪಾಲು ಹೈಡ್ರೋಕ್ಲೋರಿಕ್ ಆಸಿಡ್, ಒಂದು ಪಾಲು ನೈಟ್ರಿಕ್ ಆಸಿಡ್ ಸೇರಿಸಿದರೆ ಕರಗುತ್ತದೆ. ಅದಕ್ಕೆ ರಾಜದ್ರಾವಕ ಅಂತಾರೆ. ಕರಗಿದ ಚಿನ್ನ ಆ ಡಬ್ಬಿಯಲ್ಲೇ ಉಳಿಯುತ್ತದೆ, ಅವರು ಡಬ್ಬಿ ತೆಗೆದುಕೊಂಡು ಹೋಗುತ್ತಾರೆ, ಆಮೇಲೆ ಅದರಿಂದ ಚಿನ್ನ ವಾಪಸ್ ತೆಗೆಯುತ್ತಾರೆ. ಅರಿಶಿನ ಹಾಕುವುದು ಬಣ್ಣ ಕಾಣಬಾರದು ಅಂತ. ಕುಕ್ಕರ್ ಇಡಿಸುವುದು ಅವರು ಊರು ಬಿಡುವುದಕ್ಕೆ ಸಮಯ ಬೇಕಲ್ಲ, ಅದಕ್ಕೆ.

ಒಡವೆ ಪಾಲಿಶ್ ಮಾಡಿಸಬೇಕಾದರೆ ಗಾಂಧಿಬಜಾರಿನಲ್ಲಿ ನಿಮಗೆ ಗೊತ್ತಿರುವ ಅಕ್ಕಸಾಲಿಗರ ಹತ್ತಿರ ಹೋಗಿ, ಕೊಡುವ ಮೊದಲು ತೂಕ, ತೆಗೆದುಕೊಳ್ಳುವಾಗ ತೂಕ. ಬಾಗಿಲಿಗೆ ಬಂದವರ ಕೈಗೆ ಒಡವೆ ಯಾವತ್ತೂ ಬೇಡ.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ
ಹೊಸನಗರದ ಮಗಳೇ, ನಿಮ್ಮ ತಾಯಿಯ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಬಂದವರಿಗೆ ಆಸರಿಗೆ (ಕುಡಿಯಲು ಏನು ಬೇಕು ಅಂತ) ಕೇಳದೆ ಕಳಿಸಿದರೆ ನಮಗೂ ಮನಸ್ಸಿಗೆ ಸರಿ ಬರುವುದಿಲ್ಲ. ಅದನ್ನು ಬಿಡಿ ಅಂತ ಅವರಿಗೆ ಹೇಳಲೇಬೇಡಿ.

ನಮ್ಮ ಹಳೇ ಮನೆಗಳನ್ನು ನೆನಪು ಮಾಡಿಕೊಳ್ಳಿ. ಉಣಗೋಲು (ಗಳ ಸರಿಸುವ ಬೇಲಿ ಬಾಗಿಲು), ಅಂಗಳ, ಜಗಲಿ, ಆಮೇಲೆ ಹೆಬ್ಬಾಗಿಲು. ಬಂದವರು ಜಗಲಿಯಲ್ಲಿ ಕೂರುತ್ತಿದ್ದರು. ವ್ಯಾಪಾರದವರು, ಅಡಿಕೆ ಕೇಳಿಕೊಂಡು ಬಂದವರು, ದಾರಿ ಕೇಳುವವರು, ಎಲ್ಲರಿಗೂ ಜಗಲಿಯಲ್ಲೇ ಉಪಚಾರ. ಒಳಗೆ ಬರುತ್ತಿದ್ದವರು ನೆಂಟರು ಮತ್ತು ಗುರುತಿನವರು ಮಾತ್ರ. ಈಗ ಟೈಲ್ಸ್ ಹಾಕಿದ ಮನೆಗಳಲ್ಲಿ ಜಗಲಿ ಹೋಗಿ ಬಾಗಿಲು ತೆಗೆದರೆ ನೇರ ಹಾಲ್, ಹಾಲ್‌ನಿಂದ ಅಡುಗೆಮನೆ ಕಾಣುತ್ತದೆ. ಜಗಲಿ ಇದ್ದರೆ ಅದಕ್ಕೆ ಒಂದು ಗ್ರಿಲ್ ಹಾಕಿಸಿ, ಹೊರಗೆ ಒಂದು ಬೆಂಚು ಇಡಿ. ನೀರು, ಬೆಲ್ಲ, ಮಜ್ಜಿಗೆ ಎಲ್ಲ ಗ್ರಿಲ್ಲಿನ ಸಂದಿಯಿಂದ ಕೊಡಲಿ. ಹೊರಗೆ ಕೂರಿಸಿ ಮಾತಾಡುವುದು ಅವಮಾನ ಅಲ್ಲ, ನಿಮ್ಮ ಅಜ್ಜಿಯೂ ಹಾಗೇ ಮಾಡುತ್ತಿದ್ದರು ಅಂತ ತಾಯಿಗೆ ಹೇಳಿ ನೋಡಿ.

ಇನ್ನೊಂದು ಮಾತು. ವಯಸ್ಸಾದವರಿಗೆ ಇಲ್ಲ ಅನ್ನುವುದು ಕಷ್ಟ. ಅವರಿಗೆ ಒಂದು ಸಿದ್ಧ ಮಾತು ಕೊಡಿ. "ಮಗಳನ್ನ ಕೇಳದೆ ನಾವು ಏನೂ ಮಾಡಲ್ಲ, ನಂಬರ್ ಬರೆದು ಇಟ್ಟು ಹೋಗಿ." ಇಷ್ಟೇ. ಬೈಗುಳ ನಿಮ್ಮ ಮೇಲೆ ಬರಲಿ, ಅವರಿಗೆ ಬಿಡುಗಡೆ. "ಒಬ್ಬರೇ ಇದ್ದೀರಾ ಅಮ್ಮಾ?" ಅಂತ ಯಾರು ಕೇಳಿದರೂ "ಇಲ್ಲ, ಯಜಮಾನರು ತೋಟದಿಂದ ಬರ್ತಿದ್ದಾರೆ" ಅನ್ನಲಿ.

ಸಾಗರ ರಸ್ತೆ
ಬೇಲಿಗೆ ರಾತ್ರಿ ಹೊತ್ತು ಕರೆಂಟ್ ಕೊಟ್ಟುಬಿಡಿ, ಕಳ್ಳನೂ ಬರಲ್ಲ, ಹಂದಿಯೂ ಬರಲ್ಲ. ನಮ್ಮ ಕಡೆ ಕೆಲವರು ಮಾಡ್ತಾರೆ.

ವೈರ್‌ಮನ್ ರಿಪ್ಪನ್‌ಪೇಟೆ
ದಯವಿಟ್ಟು ಬೇಡ. ಮನೆ ಲೈನಿನ 230 ವೋಲ್ಟ್ ಬೇಲಿಗೆ ಕೊಡುವುದು ಕಾನೂನಿಗೆ ವಿರುದ್ಧ, ಅದಕ್ಕಿಂತ ಹೆಚ್ಚಾಗಿ ಅದು ಕೊಲ್ಲುತ್ತದೆ. ಹಂದಿಗೆ ಅಂತ ಬಿಟ್ಟ ಕರೆಂಟಿಗೆ ಬೆಳಿಗ್ಗೆ ಹುಲ್ಲು ಕೊಯ್ಯಲು ಬಂದವರು, ಮನೆಯ ದನ, ಮನೆಯ ಮಕ್ಕಳು ಸಿಕ್ಕಿಕೊಂಡಿದ್ದಾರೆ. ಸೋಲಾರ್ ಬೇಲಿ ಬೇರೆ. ಅದರಲ್ಲಿ ಕರೆಂಟು ಸೆಕೆಂಡಿಗೊಮ್ಮೆ ಒಂದು ಚಣ ಮಾತ್ರ ಬರುತ್ತದೆ, ಹೊಡೆತ ಬೀಳುತ್ತದೆ, ಕೈ ಬಿಡಿಸಿಕೊಳ್ಳಬಹುದು. ಅದನ್ನೂ ಸರಿಯಾದ ಉಪಕರಣ ಹಾಕಿ, ಬೋರ್ಡು ತೂಗುಹಾಕಿ ಮಾಡಬೇಕು. ಯಾರಾದರೂ ಈ ಸಾಲು ಓದಿ ಒಂದು ಬೇಲಿಯ ವೈರ್ ಕಿತ್ತರೂ ಸಾಕು ನನಗೆ.

ಮೀಟರ್ ಬದಲಾಯಿಸುತ್ತೇವೆ, ಬಾಕಿ ಇದೆ, ಈಗಲೇ ದುಡ್ಡು ಕೊಡದಿದ್ದರೆ ಫ್ಯೂಸ್ ಕೀಳುತ್ತೇವೆ ಅಂತ ಬಂದರೆ 1912ಕ್ಕೆ ಮಾಡಿ ಮೆಸ್ಕಾಂನವರನ್ನೇ ಕೇಳಿ. ಮೀಟರ್ ಹೊರಗಿನ ಗೋಡೆಯಲ್ಲಿ ಇದ್ದರೆ ರೀಡಿಂಗ್ ಮಾಡುವವರಿಗೆ ಮನೆ ಒಳಗೆ ಕೆಲಸವೇ ಇಲ್ಲ.

ಹಲಸಿನ ಹಲಗೆ
ಮೂವತ್ತು ವರ್ಷದಿಂದ ಬಡಗಿ ಕೆಲಸ ನಮ್ಮದು, ಬಾಗಿಲ ವಿಷಯ ನಾನು ಹೇಳುತ್ತೇನೆ. ಎಲ್ಲರೂ ಹೆಬ್ಬಾಗಿಲಿಗೆ ಬೀಟೆ, ಸಾಗುವಾನಿ ಹಾಕಿಸಿ ಕೆತ್ತನೆ ಮಾಡಿಸುತ್ತಾರೆ. ಹಿತ್ತಿಲ ಕಡೆ, ಬಚ್ಚಲುಮನೆ ಕಡೆ ಹೋಗಿ ನೋಡಿ. ಪ್ಲಾಸ್ಟಿಕ್ ಬಾಗಿಲು, ಇಲ್ಲಾ ಒದ್ದರೆ ಮುರಿಯುವ ಹಲಗೆ. ಕಳ್ಳ ಮುಂದಿನಿಂದ ಯಾಕೆ ಬರುತ್ತಾನೆ? ನಿಮ್ಮ ದುಡ್ಡು ಮೊದಲು ಹಿಂದಿನ ಬಾಗಿಲಿಗೆ ಹಾಕಿ.

ಅಲ್ಡ್ರಾಪ್ ಅರ್ಧ ಇಂಚಿನ ಸ್ಕ್ರೂನಲ್ಲಿ ಕೂರಿಸಿದ್ದರೆ ರಾಡು ಹಾಕಿ ಎಳೆದರೆ ಸ್ಕ್ರೂ ಸಮೇತ ಬರುತ್ತದೆ, ಬೀಗ ಎಷ್ಟು ದೊಡ್ಡದಾದರೂ ಪ್ರಯೋಜನ ಇಲ್ಲ. ಹಲಗೆಯ ಆಚೆಗೆ ತೂರುವ ಬೋಲ್ಟ್ ಹಾಕಿ ಒಳಗಡೆ ನಟ್ ಬಿಗಿಸಿ. ಹಳೇ ಮನೆಗಳ ಅಗುಳಿಯನ್ನು ಚಂದ ಇಲ್ಲ ಅಂತ ಕಿತ್ತು ಹಾಕಿಸುತ್ತಾರೆ, ನನಗೆ ಹೊಟ್ಟೆ ಉರಿಯುತ್ತದೆ. ಗೋಡೆಯಿಂದ ಗೋಡೆಗೆ ಅಡ್ಡ ಕೂರುವ ಮರದ ಅಗುಳಿಯಷ್ಟು ಗಟ್ಟಿ ಯಾವ ಹೊಸ ಲಾಕೂ ಇಲ್ಲ. ಅದು ಒಳಗೆ ಜನ ಇದ್ದಾಗ ಮಾತ್ರ ಆಗುತ್ತದೆ, ನಿಜ. ಆದರೆ ಇಬ್ಬರೇ ಇರುವ ಹಿರಿಯರಿಗೆ ರಾತ್ರಿ ಬೇಕಾದದ್ದು ಅದೇ ಅಲ್ವಾ? ಹಿಂದಿನ ಬಾಗಿಲಿಗೆ ಕಬ್ಬಿಣದ ಪಟ್ಟಿಯಲ್ಲಿ ಅದನ್ನೇ ಮಾಡಿಸಬಹುದು, ಖರ್ಚು ಜಾಸ್ತಿ ಇಲ್ಲ. ಅವರ ಕೈಗೆ ಎತ್ತಲು ಆಗುವಷ್ಟು ತೂಕ ಇರಲಿ, ರಾತ್ರಿ ಅರ್ಜೆಂಟಿಗೆ ಅವರೇ ತೆಗೆಯಬೇಕಾಗುತ್ತದೆ.

ಹೆಂಚಿನ ಮನೆಯವರು ಇನ್ನೊಂದು ಗಮನಿಸಿ. ಏಣಿ, ಹಾರೆ, ಪಿಕಾಸಿ, ಕತ್ತಿ ಎಲ್ಲ ಕೊಟ್ಟಿಗೆ ಗೋಡೆಗೆ ಒರಗಿಸಿ ಮಲಗುತ್ತೇವೆ. ಹೆಂಚು ಸರಿಸುವುದಕ್ಕೆ ನಿಮ್ಮದೇ ಏಣಿ, ಬಾಗಿಲು ಮೀಟುವುದಕ್ಕೆ ನಿಮ್ಮದೇ ಹಾರೆ. ಸಂಜೆ ಎಲ್ಲ ಒಳಗೆ ಹಾಕಿ ಬೀಗ ಹಾಕಿ. ಏಣಿಗೆ ಸರಪಳಿ ಕಟ್ಟಿ. ಮಲಗುವ ಕೋಣೆಗೆ, ಬೀರು ಇರುವ ಕೋಣೆಗೆ ಮರದ ಮುಚ್ಚಿಗೆ ಇದ್ದರೆ ಬಹಳ ಒಳ್ಳೆಯದು.

ಬೀಗದ ಕೈ ಹೂವಿನ ಕುಂಡ, ಬಾಗಿಲ ಮೇಲಿನ ಪಟ್ಟಿ, ಮೀಟರ್ ಡಬ್ಬಿ, ತುಳಸಿಕಟ್ಟೆಯ ಗೂಡು, ಈ ನಾಲ್ಕು ಕಡೆ ಇಡಬೇಡಿ. ಇಡೀ ಊರಿಗೆ ಗೊತ್ತಿರುವ ಜಾಗ ಅವು.

ಮಂಡಿ ಪೇಟೆ
ಬಾಗಿಲಿಗೆ ಬರುವ ಮೋಸ ಅಂದರೆ ಅಡಿಕೆ, ಕಾಳುಮೆಣಸು ಕೊಳ್ಳಲು ಬರುವವರನ್ನೂ ಸೇರಿಸಬೇಕು. ಸುಲಿದು ಒಣಗಿಸಿ ಇಟ್ಟ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಮಂಡಿಗಿಂತ ಕ್ವಿಂಟಾಲಿಗೆ ಸ್ವಲ್ಪ ಜಾಸ್ತಿ ಹೇಳುತ್ತಾರೆ. ಜಾಸ್ತಿ ಹೇಳಿದರೆ ತೂಕದಲ್ಲಿ ಹೊಡೆಯುತ್ತಾರೆ ಅಂತಲೇ ತಿಳಿಯಿರಿ. ಅವರ ಎಲೆಕ್ಟ್ರಾನಿಕ್ ತಕ್ಕಡಿಗೆ ತೂಕ ಅಳತೆ ಇಲಾಖೆಯ ಆ ವರ್ಷದ ಮುದ್ರೆ ಇದೆಯಾ ನೋಡಿ. ಮುದ್ರೆ ಇದ್ದರೂ, ನೀವೇ ಬೇರೆ ಕಡೆ ತೂಗಿಸಿ ತಂದು ಇಟ್ಟ ಒಂದು ಮೂಟೆಯನ್ನು ಮೊದಲು ಅದರ ಮೇಲೆ ಇಡಿ. ಲೆಕ್ಕ ಕೂಡದಿದ್ದರೆ ಗಾಡಿ ಹೊರಡಲಿ. ಮುಂಗಡ ಕೊಟ್ಟು ಮಾಲು ತುಂಬಿಕೊಂಡು, ಉಳಿದದ್ದು ನಾಳೆ ಅಕೌಂಟಿಗೆ ಹಾಕುತ್ತೇವೆ ಅಂತ ಹೋದವರು ಮತ್ತೆ ಬರುವುದಿಲ್ಲ. ದುಡ್ಡು ಖಾತೆಗೆ ಬಂದಿದೆ ಅಂತ ಅವರ ಮೊಬೈಲಿನ ಸ್ಕ್ರೀನ್ ತೋರಿಸಿದರೆ ನಂಬಬೇಡಿ, ನಿಮ್ಮ ಬ್ಯಾಂಕಿನ ಮೆಸೇಜ್ ಅಥವಾ ಪಾಸ್‌ಬುಕ್ ನೋಡಿ.

ಮಾರಿದ ದುಡ್ಡು ನಗದು ತಂದು ಮನೆಯಲ್ಲಿ ಇಡಬೇಡಿ. ಅಡಿಕೆ ಲೋಡು ಹೋದದ್ದನ್ನು ಊರೆಲ್ಲ ನೋಡಿರುತ್ತದೆ.

ಹೊಸನಗರದ ಮಗಳು
ಮೇಷ್ಟ್ರೇ, ನಿಮ್ಮ ಮಾತನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಆಮೇಲೆ "ಗ್ರಿಲ್ ಹಾಕಿಸು, ಬೆಂಚು ಹಳೇದು ಇದೆ" ಅಂದರು. ನನಗೆ ಅಷ್ಟೇ ಬೇಕಾಗಿತ್ತು. ಹಲಸಿನ ಹಲಗೆ ಅವರೇ, ಹಿತ್ತಿಲ ಬಾಗಿಲು ನೀವು ಹೇಳಿದ ಹಾಗೇ ಇದೆ, ಪ್ಲಾಸ್ಟಿಕ್.

ಕ್ಯಾಮೆರಾ ಬಗ್ಗೆ ಕೇಳಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಮರ ಬಿದ್ದರೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಮೊಬೈಲ್ ಸಿಗ್ನಲ್ ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಕ್ಯಾಮೆರಾ ಹಾಕಿ ಪ್ರಯೋಜನ ಇದೆಯಾ?

ವೈರ್‌ಮನ್ ರಿಪ್ಪನ್‌ಪೇಟೆ
ಇದೆ, ಆದರೆ ಕ್ಯಾಮೆರಾಕ್ಕಿಂತ ಮೊದಲು ಫೋನ್ ಮತ್ತು ಬೆಳಕು ಸರಿ ಮಾಡಿ. ಹಳೇ ತಾಮ್ರದ ತಂತಿಯ ಲ್ಯಾಂಡ್‌ಲೈನಿಗೆ ಕರೆಂಟು ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು, ಮನೆಯಲ್ಲಿ ಕರೆಂಟ್ ಹೋದರೂ ಫೋನ್ ಕೆಲಸ ಮಾಡುತ್ತಿತ್ತು. ಈಗಿನ ಫೈಬರ್ ಹಾಗಲ್ಲ, ಮೋಡೆಮ್ ಆಫ್ ಆದರೆ ಎಲ್ಲ ಆಫ್. ಮೋಡೆಮಿಗೆ ಅಂತಲೇ ಸಣ್ಣ ಯುಪಿಎಸ್ ಸಿಗುತ್ತದೆ, ಕೆಲವು ಗಂಟೆ ಬರುತ್ತದೆ. ಮನೆಗೆ ಇನ್ವರ್ಟರ್ ಇದ್ದರೆ ಮೋಡೆಮ್, ಕ್ಯಾಮೆರಾ ಎರಡನ್ನೂ ಅದರ ಲೈನಿಗೆ ಹಾಕಿಸಿ. ಮೊಬೈಲಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಕೊಡಿ, ಸಿಗ್ನಲ್ ಇಲ್ಲದ ಕೋಣೆಯಿಂದಲೂ ಮಾತಾಡಬಹುದು.

ತುರ್ತು ಕರೆಯ ನಂಬರ್ 112ರ ಬಗ್ಗೆ ಒಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ನಿಮ್ಮ ಸಿಮ್ಮಿನ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ ಆ ಕರೆ ಹೋಗುತ್ತದೆ. ಯಾವ ಟವರೂ ಇಲ್ಲದ ಕಡೆ ಮಾತ್ರ ಆಗುವುದಿಲ್ಲ.

ಬೆಳಕಿಗೆ, ಜನ ಓಡಾಡಿದರೆ ತಾನೇ ಹೊತ್ತಿಕೊಳ್ಳುವ ಸೋಲಾರ್ ದೀಪ ಹಿತ್ತಿಲಿಗೆ, ಕೊಟ್ಟಿಗೆ ಮೂಲೆಗೆ ಹಾಕಿ. ಆದರೆ ನಮ್ಮ ಮಳೆಗಾಲದಲ್ಲಿ ಬಿಸಿಲಿಲ್ಲದೆ ಚಾರ್ಜ್ ಸರಿಯಾಗಿ ಆಗುವುದಿಲ್ಲ, ಅದಕ್ಕೆ ಇನ್ವರ್ಟರ್ ಲೈನಿನಲ್ಲೂ ಒಂದು ಹೊರಗಿನ ಬಲ್ಬ್ ಇರಲಿ, ಅದರ ಸ್ವಿಚ್ ಮಲಗುವ ಕೋಣೆಯ ಒಳಗೆ ಮಂಚದ ಹತ್ತಿರ ಇರಲಿ. ಸದ್ದಾದರೆ ಎದ್ದು ಹೊರಗೆ ಹೋಗದೆ ದೀಪ ಹಾಕಬಹುದು.

ಗಿನಿಕೋಳಿ ಸಾಕುವವ
ನಾಯಿ ಇರಲಿ, ಆದರೆ ಚಿರತೆ ಕಾಟದ ಕಡೆ ರಾತ್ರಿ ನಾಯಿಯನ್ನು ಗೂಡಿಗೆ ಹಾಕಲೇಬೇಕು. ಆ ಗೂಡನ್ನು ಹಿತ್ತಿಲ ಬಾಗಿಲ ಹತ್ತಿರ ಇಡಿ. ಹೊರಗಿನವರು ಹಾಕಿದ್ದು ತಿನ್ನದ ಹಾಗೆ ಮರಿಯಿದ್ದಾಗಲೇ ಕಲಿಸಿ. ಗಿನಿಕೋಳಿ ನಾಲ್ಕು ಸಾಕಿದರೆ ಅಂಗಳಕ್ಕೆ ಹಾವು ಬಂದರೂ, ಮನುಷ್ಯ ಬಂದರೂ ಕಿರುಚಿ ಎಬ್ಬಿಸುತ್ತವೆ.

ಶಿರಾಳಕೊಪ್ಪ ಬಸ್
ನಮ್ಮ ಗುಂಪಿನಲ್ಲಿ ಅನುಮಾನ ಬಂದವರ ಫೋಟೋ ತೆಗೆದು ಎಲ್ಲ ಕಡೆ ಕಳಿಸುತ್ತೇವೆ. ಹೋದ ತಿಂಗಳು ಹೊರಗಿನ ಭಾಷೆ ಮಾತಾಡುವ ಮೂವರದ್ದು ಕಳಿಸಿದ್ದೆವು. ಎಲ್ಲ ಊರಿನವರೂ ಹೀಗೆ ಮಾಡಬೇಕು.

ಗೋಪಾಳದ ಅತ್ತಿಗೆ
ಅಣ್ಣಾ, ಇದನ್ನು ಮಾತ್ರ ಬಿಡಿ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪ್‌ನಲ್ಲಿ ಹಬ್ಬಿದ ಸುಳ್ಳಿಗೆ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ಒಬ್ಬ ಇಂಜಿನಿಯರನ್ನು ಜನ ಸೇರಿ ಹೊಡೆದು ಕೊಂದರು. ಅದೇ ವರ್ಷ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಹುಡುಗ ಹಾಗೇ ಸತ್ತ. ಅವರ ತಪ್ಪು ಏನೂ ಇರಲಿಲ್ಲ. ನಮ್ಮ ಮನೆಗೆ ಬಂದ ಪಾಲಿಶ್ ಹುಡುಗರು ಚೆನ್ನಾಗಿ ಕನ್ನಡ ಮಾತಾಡುತ್ತಿದ್ದರು, ನೆನಪಿರಲಿ. ಭಾಷೆ, ಬಟ್ಟೆ ನೋಡಿ ಯಾರನ್ನೂ ಕಳ್ಳ ಅನ್ನಬೇಡಿ. ಅನುಮಾನ ಬಂದರೆ ಬೈಕ್ ನಂಬರ್ ಬರೆದು ಠಾಣೆಗೆ ಹೇಳಿ, ಅಲ್ಲಿಗೆ ನಿಲ್ಲಿಸಿ.

ಕೊಪ್ಪದ ಕಾಫಿ
ಒಪ್ಪುತ್ತೇನೆ. ತೋಟದ ಕೆಲಸಕ್ಕೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರಿಲ್ಲದೆ ನಮಗೆ ಕೊಯ್ಲೇ ಇಲ್ಲ. ಕೆಲಸಕ್ಕೆ ಬಂದ ದಿನವೇ ಆಧಾರ್ ಪ್ರತಿ, ಊರಿನ ಫೋನ್ ನಂಬರ್ ತೆಗೆದುಕೊಂಡು ಠಾಣೆಗೆ ಒಂದು ಪಟ್ಟಿ ಕೊಡಿ. ಇದು ಅವರಿಗೂ ಒಳ್ಳೆಯದು, ಏನಾದರೂ ಆದಾಗ ಸುಮ್ಮನೆ ಅವರ ಮೇಲೆ ಬರುವುದಿಲ್ಲ.

ತುಂಗೆಯ ದಡ
ಬೆರಳಚ್ಚಿನ ವಿಷಯ ಯಾರೂ ಹೇಳಿಲ್ಲ. ಗೃಹಲಕ್ಷ್ಮಿ ಹಣ ನಿಂತಿದೆ, ಪಿಂಚಣಿ ಸರಿ ಮಾಡಿಸುತ್ತೇವೆ, ಇಲ್ಲಿ ಬೆರಳಿಡಿ ಅಂತ ಸಣ್ಣ ಮೆಷಿನ್ ತಂದರೆ ಬೆರಳು ಇಡಬೇಡಿ. ಆಧಾರ್ ಜೋಡಿಸಿದ ಖಾತೆಯಿಂದ ಬೆರಳಚ್ಚು ಕೊಟ್ಟೇ ದುಡ್ಡು ತೆಗೆಯಬಹುದು, ಅದಕ್ಕೆ ಓಟಿಪಿ ಬೇಕಿಲ್ಲ. ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಡಬಹುದು, ಗೊತ್ತಾಗದಿದ್ದರೆ ಆಧಾರ್ ಸಹಾಯವಾಣಿ 1947ಕ್ಕೆ ಫೋನ್ ಮಾಡಿ ಕೇಳಿ. ಆದರೆ ಲಾಕ್ ಇದ್ದಾಗ ರೇಷನ್ ಅಂಗಡಿಯಲ್ಲಿ ಬೆರಳು ತೆಗೆದುಕೊಳ್ಳುವುದಿಲ್ಲ, ಆ ಹೊತ್ತಿಗೆ ಬಿಚ್ಚಿ ಮತ್ತೆ ಹಾಕಬೇಕು. ದುಡ್ಡು ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ದುಡ್ಡು ಕೈಗೆ ಸಿಗುವುದು ಕಷ್ಟ.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ
ಪೊಲೀಸ್ ಅಂತ ಹೇಳಿಕೊಂಡು ಬರುವವರೂ ಇದ್ದಾರೆ. ಮುಂದೆ ಗಲಾಟೆ ಆಗಿದೆ, ಒಡವೆ ಹಾಕಿಕೊಂಡು ಹೋಗಬೇಡಿ, ಬಿಚ್ಚಿ ಕೊಡಿ, ಪೇಪರಿನಲ್ಲಿ ಕಟ್ಟಿಕೊಡುತ್ತೇವೆ ಅನ್ನುತ್ತಾರೆ. ಪೊಟ್ಟಣ ಬಿಚ್ಚಿದರೆ ಕಲ್ಲು. ಯಾವ ಪೊಲೀಸರೂ ಒಡವೆ ಬಿಚ್ಚಿಸಿ ಕಟ್ಟಿಕೊಡುವುದಿಲ್ಲ.

2025ರಲ್ಲಿ ಮನೆ ಮನೆಗೆ ಪೊಲೀಸ್ ಅಂತ ಕಾರ್ಯಕ್ರಮ ಶುರುವಾದ ಮೇಲೆ ನಿಜವಾದ ಪೊಲೀಸರೂ ಮನೆಗೆ ಬರುತ್ತಾರೆ, ಅದು ಒಳ್ಳೆಯದೇ. ನಿಮ್ಮ ಊರಿನ ಬೀಟ್ ಪೊಲೀಸ್ ಯಾರು ಅಂತ ಠಾಣೆಯಲ್ಲಿ ಕೇಳಿ, ಅವರ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಮದುವೆ, ಜಾತ್ರೆ ಅಂತ ನಾಲ್ಕು ದಿನ ಬೀಗ ಹಾಕಿ ಹೋಗುವಾಗಲೂ ಅವರಿಗೆ ಹೇಳಿ ಹೋಗಿ. ಸಾಗರದ ಮಾರಿ ಜಾತ್ರೆಗೆ ಇಡೀ ಊರೇ ಹೋಗುತ್ತದೆ, ಮನೆಗೊಬ್ಬರಾದರೂ ಉಳಿಯಿರಿ. ಹೊರಟ ಫೋಟೋ, ರೈಲಿನ ಫೋಟೋ ಆಗಲೇ ಹಾಕಬೇಡಿ. ಪೇಪರು, ಹಾಲು ನಿಲ್ಲಿಸಿ.

ಸಾಗರ ರಸ್ತೆ
ಕರೆಂಟ್ ವಿಷಯ ವಾಪಸ್ ತೆಗೆದುಕೊಂಡೆ, ವೈರ್‌ಮನ್ ಅಣ್ಣ ಹೇಳಿದ್ದು ಸರಿ. ರಾತ್ರಿ ನಿಜವಾಗಿ ಒಳಗೆ ಬಂದುಬಿಟ್ಟರೆ ಏನು ಮಾಡೋದು? ಅಪ್ಪ ಕತ್ತಿ ಹಿಡಿದು ಹೊರಡ್ತಾರೆ.

ಕೊಪ್ಪದ ಕಾಫಿ
ಹೊರಡಬಾರದು. ಎದುರಿಗೆ ಸಿಕ್ಕಿಬಿದ್ದ ಕಳ್ಳ ತಪ್ಪಿಸಿಕೊಳ್ಳುವುದಕ್ಕೆ ಏನು ಬೇಕಾದರೂ ಮಾಡುತ್ತಾನೆ, ಎಪ್ಪತ್ತು ವರ್ಷದವರ ಕೈಯಿಂದ ಆ ಕತ್ತಿ ಕಿತ್ತುಕೊಳ್ಳುವುದು ಎಷ್ಟು ಹೊತ್ತು? ಮಲಗುವ ಕೋಣೆಯ ಬಾಗಿಲು ಗಟ್ಟಿ ಇರಬೇಕು, ಒಳಗಿನಿಂದ ಚಿಲಕ, ಫೋನ್ ಮತ್ತು ಟಾರ್ಚ್ ತಲೆದಿಂಬಿನ ಹತ್ತಿರ. ಒಳಗೇ ಇದ್ದು ದೀಪ ಹಾಕಿ, ಸದ್ದು ಮಾಡಿ, 112ಕ್ಕೆ ಮಾಡಿ, ಅವನು ಹೋಗುವ ದಾರಿಗೆ ಅಡ್ಡ ಹೋಗಬೇಡಿ. ಬ್ಯಾಟರಿಯ ಸೈರನ್ ಗಂಟೆ ಸಿಗುತ್ತದೆ, ಅದನ್ನು ಪಕ್ಕದ ಮನೆಗೆ ಕೇಳಿಸುವ ಹಾಗೆ ಹೊರಗೆ ಕೂರಿಸಿ ಸ್ವಿಚ್ ಒಳಗೆ ಇಡಿ. ಆ ಸದ್ದು ಕೇಳಿದರೆ ಯಾರು ಯಾರಿಗೆ ಫೋನ್ ಮಾಡಬೇಕು, ಯಾರು ಹೊರಡಬೇಕು ಅಂತ ಅಕ್ಕಪಕ್ಕದ ಮನೆಗಳು ಮೊದಲೇ ಮಾತಾಡಿಕೊಂಡಿರಿ. ಒಬ್ಬರೇ ಹೋಗಬೇಡಿ.

ಕಳವು ಆಗಿಹೋಗಿದ್ದರೆ ಯಾವುದನ್ನೂ ಮುಟ್ಟದೆ, ಗುಡಿಸದೆ ಬಿಡಿ, ಬೆರಳಚ್ಚಿನವರು ಬರಬೇಕು. ನಮ್ಮ ಠಾಣೆ ವ್ಯಾಪ್ತಿ ಅಲ್ಲ ಅಂತ ಯಾರಾದರೂ ಹೇಳಿದರೆ, 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ಯಾವ ಠಾಣೆಯಲ್ಲಾದರೂ ದೂರು ದಾಖಲು ಮಾಡಬೇಕು ಅಂತಿದೆ. ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು, ಕೇಳಿ ತೆಗೆದುಕೊಳ್ಳಿ.

ಹೊಸನಗರದ ಮಗಳು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗ್ರಿಲ್ಲಿಗೆ ಅಳತೆ ಕೊಟ್ಟಾಯಿತು, ಪೈಪ್ ಬದಲಾಯಿಸಿಯಾಯಿತು, ಗದ್ದೆಯಾಚೆ ಮನೆಯವರ ಹತ್ತಿರ ಅಪ್ಪ ಮಾತಾಡಿದ್ದಾರೆ. ಕೊನೆಗೆ ಒಂದೇ ಪ್ರಶ್ನೆ. ಅಮ್ಮನ ಒಡವೆ ಬ್ಯಾಂಕ್ ಲಾಕರಿನಲ್ಲಿ ಇಡೋಣ ಅಂದರೆ, ಅಲ್ಲಿ ಕಳುವಾದರೆ ಯಾರು ಕೊಡುತ್ತಾರೆ ಅಂತ ಅಪ್ಪ ಕೇಳುತ್ತಿದ್ದಾರೆ.

ಮಂಡಿ ಪೇಟೆ
2022ರ ಜನವರಿಯಿಂದ ರಿಸರ್ವ್ ಬ್ಯಾಂಕ್ ನಿಯಮ ಇದೆ. ಬ್ಯಾಂಕಿನಲ್ಲಿ ಕಳವು, ದರೋಡೆ, ಬೆಂಕಿ, ಇಲ್ಲಾ ಸಿಬ್ಬಂದಿಯ ಮೋಸದಿಂದ ಹೋದರೆ ಲಾಕರಿನ ವರ್ಷದ ಬಾಡಿಗೆಯ ನೂರು ಪಟ್ಟಿನವರೆಗೆ ಬ್ಯಾಂಕ್ ಹೊಣೆ. ಬಾಡಿಗೆ 2,000 ರೂಪಾಯಿ ಇದ್ದರೆ ಎರಡು ಲಕ್ಷ. ಒಡವೆ ಅದಕ್ಕಿಂತ ಜಾಸ್ತಿ ಇದ್ದರೆ ಬೇರೆಯಾಗಿ ವಿಮೆ ಮಾಡಿಸಿ. ಆದರೂ ಒಂಟಿ ಮನೆಯ ಬೀರುವಿಗಿಂತ ಲಾಕರ್ ಮೇಲು. ಇಡುವ ಮೊದಲು ಒಂದೊಂದನ್ನೂ ತೂಕ ಮಾಡಿಸಿ, ಎರಡೂ ಕಡೆಯಿಂದ ಫೋಟೋ ತೆಗೆದು, ಬಿಲ್ಲುಗಳ ಜೊತೆ ನಿಮ್ಮ ಹತ್ತಿರ ಬೆಂಗಳೂರಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ. ಲಾಕರ್ ಅಮ್ಮ ಮತ್ತು ನಿಮ್ಮ ಇಬ್ಬರ ಹೆಸರಿನಲ್ಲಿ ಇರಲಿ, ನಾಮಿನಿ ಹಾಕುವುದು ಮರೆಯಬೇಡಿ.